ಸ್ಪ್ಯಾನರ್‌ಗೂ ಮೊದಲು ಲೆಕ್ಕ: ಹಳೆಯ ಶೆವ್ರೊಲೆ ಪಿಕಪ್‌ನ ಟ್ರಾನ್ಸ್‌ಫರ್ ಕೇಸ್ ಬದಲಿಸುವುದು ಹೇಗೆ?

ಗೇರ್‌ಬಾಕ್ಸ್‌ನ ಬೆನ್ನಿಗೆ ಕೂತು ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆಯೇ ಟ್ರಾನ್ಸ್‌ಫರ್ ಕೇಸ್. ಕಲ್ಲು, ಕೆಸರು, ಕಡಿದಾದ ಏರು ಎದುರಾದಾಗ ‘ಲೋ’ ಗೇರ್ ಕೊಡುವುದೂ ಅದೇ. 1973ರಿಂದ 1987ರವರೆಗಿನ ಶೆವ್ರೊಲೆ ಕೆ-ಸರಣಿಯ ಫೋರ್‌ವೀಲ್ ಪಿಕಪ್‌ಗಳನ್ನು ಅಮೆರಿಕದಲ್ಲಿ ಇಂದಿಗೂ ಕಾಡುದಾರಿಗೆ ಇಳಿಸುತ್ತಾರೆ. 1981ರಲ್ಲಿ ಈ ಸರಣಿಯ ಅರ್ಧ ಟನ್ ಮತ್ತು ಮುಕ್ಕಾಲು ಟನ್ ಗಾಡಿಗಳಿಗೆ ಎನ್‌ಪಿ 208 ಎಂಬ ಕೇಸ್ ಬಂತು. ಅದರ ಮೈ ಅಲ್ಯೂಮಿನಿಯಂ, ಒಳಗೆ ಸರಪಳಿ. ಒಂದು ಟನ್ನಿನ ಗಾಡಿಯಲ್ಲಿ ಮಾತ್ರ ಹಳೆಯ ಎನ್‌ಪಿ 205 ಉಳಿಯಿತು. ಅದು ಎರಕದ ಕಬ್ಬಿಣದ್ದು, ಗೇರಿಗೆ ಗೇರೇ ಕಚ್ಚಿ ತಿರುಗುವಂಥದ್ದು, ಸರಪಳಿಯ ಗೊಡವೆಯೇ ಇಲ್ಲ. ಹೀಗಾಗಿ 208 ಕಳಚಿ 205 ಕೂರಿಸುವುದೇ ಗಾಡಿಗೆ ಮಾಡುವ ಮೊದಲ ಉಪಕಾರ ಎಂಬ ನಂಬಿಕೆ ಬೇರೂರಿದೆ. ನನ್ನ ವಾದ ಬೇರೆ. ಈ ಬದಲಾವಣೆಯಲ್ಲಿ ಗಟ್ಟಿತನ ಸಿಗುತ್ತದೆ, ನಿಧಾನ ಕಳೆದುಹೋಗುತ್ತದೆ. ಎರಡರಲ್ಲಿ ನಿಮ್ಮ ಗಾಡಿಗೆ ಯಾವುದು ಬೇಕೆಂದು ತೀರ್ಮಾನಿಸದೆ ಒಂದು ಬೋಲ್ಟನ್ನೂ ಸಡಿಲಿಸಬಾರದು.

ಅಂಕಿಗಳನ್ನೇ ನೋಡೋಣ. 208ರ ಲೋ ಅನುಪಾತ 2.61, 205ರದ್ದು 1.96. ನಾಲ್ಕು ಗೇರಿನ ಎಸ್‌ಎಂ465 ಗೇರ್‌ಬಾಕ್ಸ್‌ನ ಮೊದಲ ಗೇರ್ 6.55, ಆಕ್ಸಲ್ ಹೌಸಿಂಗ್‌ನಲ್ಲಿ 3.73ರ ಕ್ರೌನ್-ಪಿನಿಯನ್ ಇದೆ ಎನ್ನಿ. ಮೂರನ್ನೂ ಗುಣಿಸಿದರೆ 208 ಇದ್ದಾಗ ಸುಮಾರು 64, 205 ಇದ್ದಾಗ ಸುಮಾರು 48. ಅಂದರೆ 33 ಇಂಚಿನ ಟೈರ್ ಇರುವ ಗಾಡಿ, ಎಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿರುವಾಗ, ಮೊದಲು ಗಂಟೆಗೆ 2 ಕಿ.ಮೀ. ವೇಗದಲ್ಲಿ ತೆವಳುತ್ತಿದ್ದದ್ದು ಈಗ 2.6 ಕಿ.ಮೀ. ವೇಗದಲ್ಲಿ ಹೋಗುತ್ತದೆ. ಓದಲು ಅಲ್ಪ ಅಂತರ. ಆದರೆ ಬಂಡೆಯ ಮೇಲಿಂದ ಚಕ್ರ ಇಳಿಸುವಾಗ ಬ್ರೇಕಿನ ಮೇಲೆ ಕಾಲಿಡಬೇಕೋ ಬೇಡವೋ ಎಂಬುದನ್ನು ನಿರ್ಧರಿಸುವುದು ಈ ಅಂತರವೇ. ಕಳೆದುಕೊಂಡದ್ದನ್ನು ಮರಳಿ ಪಡೆಯಲು 4.88ರ ಕ್ರೌನ್-ಪಿನಿಯನ್ ಹಾಕಬಹುದು. ಆಗ ಎರಡೂ ಹೌಸಿಂಗ್ ಬಿಚ್ಚಬೇಕು, ಹೆದ್ದಾರಿಯಲ್ಲಿ ಅದೇ ವೇಗಕ್ಕೆ ಎಂಜಿನ್ ಶೇ 30ರಷ್ಟು ಹೆಚ್ಚು ಸುತ್ತಬೇಕು.

‘ಸರಪಳಿ ಸಡಿಲವಾಗುತ್ತದೆ, ಅಲ್ಯೂಮಿನಿಯಂ ಬಿರುಕು ಬಿಡುತ್ತದೆ’ ಎಂಬ ಆಕ್ಷೇಪ ಸುಳ್ಳಲ್ಲ. ದೊಡ್ಡ ವಿ8 ಎಂಜಿನ್, 38 ಇಂಚಿನ ಟೈರ್, ಭಾರ ಎಳೆಯುವ ಕೆಲಸ ಇವೆಲ್ಲ ಸೇರಿದರೆ 205 ಬೇಕೇ ಬೇಕು. ಆದರೆ 33 ಇಂಚಿನ ಟೈರಿನಲ್ಲಿ ವಾರಾಂತ್ಯಕ್ಕೆ ಕಾಡಿಗೆ ಹೋಗುವ ಗಾಡಿಗೆ, ಹಳೆಯ 208ಕ್ಕೇ ಹೊಸ ಸರಪಳಿ, ಬೇರಿಂಗ್, ಸೀಲ್ ಹಾಕಿಸುವುದು ಎಷ್ಟೋ ಮೇಲು. ಎರಡೂ ಬೇಕೆನ್ನುವವರಿಗೆ ಮೂರನೆಯ ದಾರಿಯಿದೆ: ಎನ್‌ಪಿ 203 ಎಂಬ ಇನ್ನೊಂದು ಹಳೆಯ ಕೇಸ್‌ನ ಲೋ ಭಾಗವನ್ನಷ್ಟೇ ಬೇರ್ಪಡಿಸಿ 205ರ ಮುಂದೆ ಜೋಡಿಸುವುದು. 203ರ ಲೋ ಅನುಪಾತ 2.01ನ್ನು 205ರ 1.96ರಿಂದ ಗುಣಿಸಿದರೆ ಹತ್ತಿರಹತ್ತಿರ 4 ಆಗುತ್ತದೆ. ಉದ್ದ, ತೂಕ, ಖರ್ಚು ಮೂರೂ ಏರುತ್ತವೆ ಎಂಬುದು ನೆನಪಿರಲಿ.

ಇಷ್ಟಾದ ಮೇಲೂ 205 ಬೇಕೆನಿಸಿದರೆ, ಕೊಳ್ಳುವ ಮುನ್ನ ಅದರ ಇನ್‌ಪುಟ್ ಶಾಫ್ಟ್‌ನ ಹಲ್ಲುಗಳನ್ನು ಎಣಿಸಿ. ಈ ಗಾಡಿಗಳ 205ರಲ್ಲಿ 10, 27, 32 ಹಲ್ಲುಗಳ ಬೇರೆಬೇರೆ ಮಾದರಿಗಳಿವೆ. ನಿಮ್ಮ ಗೇರ್‌ಬಾಕ್ಸ್‌ಗೆ ಹೊಂದದ ಕೇಸ್ ಎಷ್ಟೇ ಗಟ್ಟಿಯಿದ್ದರೂ ಮೂಲೆಗೇ ಸರಿ. ನಡುವಿನ ಅಡಾಪ್ಟರ್, ಲಿವರ್, ಅದರ ಕಡ್ಡಿಗಳನ್ನು 205 ಬಿಚ್ಚಿದ ಗಾಡಿಯಿಂದಲೇ ತೆಗೆದುಕೊಳ್ಳಿ. ಆಮೇಲೆ ಬಿಡಿಯಾಗಿ ಹುಡುಕುವುದು ಬಹಳ ಕಷ್ಟ. ಮುಂದಿನ ಶಾಫ್ಟ್ ಹೊರಡುವ ಬದಿಯನ್ನೂ ನೋಡಿ. ಈ ಶೆವ್ರೊಲೆಗಳಲ್ಲಿ ಅದು ಬಲಬದಿ. ಫೋರ್ಡ್‌ನಿಂದ ತೆಗೆದ 205ರಲ್ಲಿ ಎಡಬದಿ.

ಬಿಚ್ಚುವ ಕೆಲಸ ಸಮತಟ್ಟು ನೆಲದಲ್ಲೇ ಆಗಬೇಕು. ಚಕ್ರಗಳಿಗೆ ಅಡ್ಡೆ ಕೊಟ್ಟು, ಗಾಡಿಯನ್ನು ಬರೀ ಜಾಕಿಯ ಮೇಲಲ್ಲ, ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ. ಬ್ಯಾಟರಿ ತಂತಿ ತೆಗೆದು, ಆಯಿಲ್ ಇಳಿಸಿ, ಪ್ರೊಪೆಲ್ಲರ್ ಶಾಫ್ಟ್‌ಗಳಿಗೆ ಗುರುತು ಹಾಕಿ ಕಳಚಿ. ಸ್ಪೀಡೋಮೀಟರ್ ಕೇಬಲ್, ಫೋರ್‌ವೀಲ್ ಸೂಚಕ ದೀಪದ ತಂತಿ, ಲಿವರ್ ಕಡ್ಡಿ ಬಿಡಿಸಿ. ಗೇರ್‌ಬಾಕ್ಸ್‌ಗೆ ಬೇರೆ ಜಾಕಿಯ ಆಸರೆ ಕೊಟ್ಟ ಮೇಲಷ್ಟೇ ಅದನ್ನು ಹೊತ್ತ ಅಡ್ಡಪಟ್ಟಿ ತೆಗೆದು, 208ನ್ನು ಇಳಿಸಬೇಕು. 205ರ ತೂಕ ಸುಮಾರು 60 ಕೆ.ಜಿ. ಅದನ್ನು ಎದೆಯ ಮೇಲಿಟ್ಟು ಎತ್ತುವ ಸಾಹಸ ಬೇಡವೇ ಬೇಡ. ಗೇರ್‌ಬಾಕ್ಸ್ ಜಾಕಿಗೆ ಪಟ್ಟಿ ಬಿಗಿದು ಏರಿಸಿ. ಹೊಸ ಸೀಲ್, ಪ್ಯಾಕಿಂಗ್ ಹಾಕಿ, ಕೇಸನ್ನು ಗೇರಿನಲ್ಲಿಟ್ಟು, ಹಿಂದಿನ ಯೋಕ್ ಅನ್ನು ಮೆಲ್ಲಗೆ ತಿರುಗಿಸುತ್ತ ಮುಂದೆ ತಳ್ಳಿದರೆ ಹಲ್ಲುಗಳು ತಾವಾಗಿ ಕೂಡುತ್ತವೆ. ಕೂಡದಿದ್ದರೆ ಹಿಂದೆಳೆದು ಮತ್ತೆ ನೇರ ಮಾಡಿ. ಬೋಲ್ಟ್ ಬಿಗಿದು ಎಳೆದರೆ ಅಡಾಪ್ಟರೇ ಒಡೆಯುತ್ತದೆ.

ಹಳೆಯ ಪ್ರೊಪೆಲ್ಲರ್ ಶಾಫ್ಟ್‌ಗಳ ಉದ್ದ ಸರಿಹೊಂದೀತೆಂದು ಊಹಿಸಬೇಡಿ. ಎಷ್ಟೋ 208ಗಳಲ್ಲಿ ಹಿಂದಿನ ಯೋಕ್ ಜಾರುವಂಥದ್ದು, 205ರಲ್ಲಿ ಸ್ಥಿರವಾದದ್ದು. ಗಾಡಿಯ ಭಾರ ಚಕ್ರಗಳ ಮೇಲೆ ಬಿದ್ದ ಸ್ಥಿತಿಯಲ್ಲಿ ಅಳತೆ ತೆಗೆದು, ಜಾರಲು ಎಡೆಬಿಟ್ಟು ಶಾಫ್ಟ್ ಕತ್ತರಿಸಲು ಕೊಟ್ಟು, ಬ್ಯಾಲೆನ್ಸ್ ಮಾಡಿಸಿ. ಎಣ್ಣೆಯೂ ಬೇರೆ: 208ಕ್ಕೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ಎಣ್ಣೆ (ಎಟಿಎಫ್), 205ಕ್ಕೆ 80ಡಬ್ಲ್ಯು-90 ಗೇರ್ ಆಯಿಲ್. ತುಂಬುವ ತೂತಿನ ಅಂಚಿಗೆ ಬರುವಷ್ಟು ಹಾಕಿ.

ನಮ್ಮಲ್ಲಿ ಪಿಕಪ್ ಇಟ್ಟುಕೊಂಡು ಇಂಥದೇ ಯೋಚನೆ ಮಾಡುವವರು ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಮಾರ್ಪಾಡಿಗೆ ಮಿತಿ ಹಾಕಿದೆ. ಎಲ್ಲಿಯೇ ಆಗಲಿ, ಮೊದಲ ಪರೀಕ್ಷೆ ಮಣ್ಣಿನ ನೆಲದಲ್ಲಿರಲಿ. ಒಣ ಟಾರಿನ ಮೇಲೆ ಫೋರ್‌ವೀಲ್ ಹಾಕಿ ತಿರುಗಿಸಿದರೆ ಒತ್ತಡವೆಲ್ಲ ಹೊಸ ಜೋಡಣೆಯ ಮೇಲೇ ಬೀಳುತ್ತದೆ. ಹತ್ತಾರು ಕಿ.ಮೀ. ಓಡಿಸಿ ನಿಲ್ಲಿಸಿದ ಮೇಲೆ ಕೆಳಗೆ ಮಲಗಿ ಸೀಲ್‌ಗಳ ಸುತ್ತ ಜಿನುಗು ಇದೆಯೇ ನೋಡಿ, ಅಡಾಪ್ಟರಿನ ಬೋಲ್ಟ್‌ಗಳ ಬಿಗಿಯನ್ನು ಇನ್ನೊಮ್ಮೆ ಪರೀಕ್ಷಿಸಿ.