ಕಣ್ಣಿನ ಮೇಲಿನ ಪದರ



*ಇಂದಿನ ಧಮ್ಮ ಚಿಂತನೆ: ಸಮ್ಮಾ ದಿಟ್ಠಿ (ಸರಿಯಾದ ನೋಟ)*



ಯಶವಂತಪುರ ರೈಲು ನಿಲ್ದಾಣದಲ್ಲಿ ನಿಂತು, ನಮಗೆ ಓದಲು ಬಾರದ ಭಾಷೆಯ ಬೋರ್ಡಿನ ಕಡೆ ಮೊಬೈಲ್ ಕ್ಯಾಮೆರಾ ಹಿಡಿದರೆ, ಗೂಗಲ್ ಲೆನ್ಸ್ ಅದೇ ಬೋರ್ಡಿನ ಮೇಲೆ ಕನ್ನಡ ಅಕ್ಷರ ಮೂಡಿಸಿ ತೋರಿಸುತ್ತದೆ. 2016ರಲ್ಲಿ ಬಂದ ಪೋಕೆಮಾನ್ ಗೋ ಆಟದಲ್ಲಿ ಖಾಲಿ ರಸ್ತೆಯ ಮೇಲೆ ಯಾವುದೋ ವಿಚಿತ್ರ ಪ್ರಾಣಿ ನಿಂತಂತೆ ಕಾಣುತ್ತಿತ್ತು. ಇದಕ್ಕೆ ಆಗ್ಮೆಂಟೆಡ್ ರಿಯಾಲಿಟಿ ಎನ್ನುತ್ತಾರೆ. ಎದುರಿಗಿರುವುದು ಇದ್ದ ಹಾಗೇ ಇರುತ್ತದೆ, ಅದರ ಮೇಲೆ ಇನ್ನೊಂದು ಪದರ ಬಂದು ಕೂರುತ್ತದೆ. ಮೊಬೈಲ್ ಕೆಳಗಿಳಿಸಿದರೆ ಪದರ ಮಾಯ.

ಮೊಬೈಲ್ ಇಲ್ಲದೆಯೂ ಹೀಗೆ ಪದರ ಹಾಕಿಕೊಂಡು ನೋಡುವ ರೂಢಿ ನಮ್ಮ ದೇಶದಲ್ಲಿ ಬಹಳ ಹಳೆಯದು. ಅದರ ಹೆಸರು ಜಾತಿ.

1917ರಲ್ಲಿ, ಕೊಲಂಬಿಯಾ ಮತ್ತು ಲಂಡನ್‌ನಲ್ಲಿ ಓದಿ ಬಂದ ಬಾಬಾಸಾಹೇಬರು ಬರೋಡಾ ಸಂಸ್ಥಾನದ ಕೆಲಸಕ್ಕೆ ಹೋದರು. ಉಳಿಯಲು ಜಾಗ ಸಿಗಲಿಲ್ಲ. ಪಾರ್ಸಿ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರಿನಲ್ಲಿ ಉಳಿದುಕೊಂಡರು. ವಿಷಯ ತಿಳಿದವರು ದೊಣ್ಣೆ ಹಿಡಿದು ಬಂದು ಅವರನ್ನು ಹೊರಹಾಕಿದರು. ಹಿಂದಿನ ದಿನ ಇದ್ದ ಮನುಷ್ಯರೇ ಅವರು. ಅದೇ ಮುಖ, ಅದೇ ನಡತೆ, ಅದೇ ವಿದ್ಯೆ. ಬದಲಾಗಿದ್ದು ನೋಡುವವರ ಕಣ್ಣಿನ ಪದರ ಮಾತ್ರ.

ಇಂದು ಯಲಹಂಕದಲ್ಲೋ ಆರ್.ಟಿ. ನಗರದಲ್ಲೋ ಬಾಡಿಗೆ ಮನೆಯನ್ನು ಆ್ಯಪ್‌ನಲ್ಲೇ ಹುಡುಕಬಹುದು. ಫೋಟೊ, ವಿಡಿಯೊ, ಹೋಗುವ ದಾರಿ ಎಲ್ಲವೂ ಸಿಗುತ್ತದೆ. ಕೊನೆಗೆ ಬಾಗಿಲ ಬಳಿ "ನೀವು ಯಾವ ಜನ?", "ವೆಜ್ಜಾ, ನಾನ್‌ವೆಜ್ಜಾ?" ಎಂದು ಕೇಳಿದಾಗ ಗೊತ್ತಾಗುತ್ತದೆ: ಫೋನು ಹೊಸದು, ಪದರ ಹಳೆಯದು.

*ಬುದ್ಧರ ದಾರಿ*

ಬಾಹಿಯ ಎಂಬ ಸಾಧಕ, ಭಿಕ್ಷೆಗೆ ಹೊರಟಿದ್ದ ಬುದ್ಧರನ್ನು ಬೀದಿಯಲ್ಲೇ ತಡೆದು ಧಮ್ಮ ಹೇಳಿಕೊಡಿ ಎಂದು ಕೇಳಿದ ಪ್ರಸಂಗ 'ಉದಾನ'ದಲ್ಲಿದೆ. ಬುದ್ಧರ ಉಪದೇಶದ ಸಾರ ಇಷ್ಟು: ಕಂಡದ್ದನ್ನು ಕಂಡಷ್ಟಕ್ಕೇ ನೋಡಬೇಕು, ಮನಸ್ಸು ಅದರ ಮೇಲೆ ಅಂಟಿಸುವ ಕಥೆಯನ್ನು ನಿಜವೆಂದು ನಂಬಬಾರದು.

ಹಾಗಾದರೆ ತಂತ್ರಜ್ಞಾನವೇ ಬೇಡವೇ? ಬೇಕು. ನಮ್ಮ ಹೆಬ್ಬಾಳದಲ್ಲೇ ಇದಕ್ಕೆ ಉದಾಹರಣೆ ಇದೆ. 2018ರಲ್ಲಿ ಅಲ್ಲಿ ಒಂದು ವೀರಗಲ್ಲು ಸಿಕ್ಕಿತು. ಗಂಗ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಹೋರಾಡಿ ಸತ್ತ ಕಿತ್ತಯ್ಯ ಎಂಬವನ ಹೆಸರು ಅದರಲ್ಲಿದೆ. 1909ರಲ್ಲಿ ಶುರುವಾದ ಮಿಥಿಕ್ ಸೊಸೈಟಿಯ ತಂಡ ಬೆಂಗಳೂರು ಸುತ್ತಲಿನ ಇಂಥ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದೆ. ಬೆಳಕು ಹಾಯಿಸಿ ಕಲ್ಲಿನ ಉಬ್ಬುತಗ್ಗುಗಳನ್ನು ಅಳೆಯುತ್ತಾರೆ. ಬರಿಗಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಕಂಪ್ಯೂಟರ್ ಪರದೆಯಲ್ಲಿ ಎದ್ದು ಕಾಣುತ್ತದೆ. ಇದು ಪದರ ಹಾಕುವ ತಂತ್ರವಲ್ಲ, ಪದರ ತೆಗೆಯುವ ತಂತ್ರ. ನಮ್ಮ ಧ್ಯಾನವೂ ಮಾಡಬೇಕಾದ ಕೆಲಸ ಇದೇ.

*ಮೊದಲು ನಮ್ಮ ಕಣ್ಣು*

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮನುಷ್ಯರೆಲ್ಲರೂ ಸಮಾನರು ಎಂಬ ನಂಬಿಕೆಯೂ ಒಂದು. ಆ ಪ್ರತಿಜ್ಞೆ ಮಾಡಿದ ಮೇಲೂ ವಿಹಾರದಲ್ಲಿ ಪಕ್ಕ ಕುಳಿತವರನ್ನು ಎಡಗೈಯವರು, ಬಲಗೈಯವರು ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡರೆ, ಮಕ್ಕಳ ಮದುವೆ ಮಾತು ಬಂದಾಗ ಒಳಪಂಗಡ ವಿಚಾರಿಸಿದರೆ, ಆ ಪದರ ನಮ್ಮ ಕಣ್ಣಿನಲ್ಲೂ ಉಳಿದಿದೆ ಎಂದೇ ಅರ್ಥ. ಬೇರೆಯವರು ನಮ್ಮನ್ನು ಹಾಗೆ ನೋಡಿದಾಗ ಆಗುವ ನೋವು ನಮಗೆ ಗೊತ್ತು. ಗೊತ್ತಿದ್ದವರೇ ಅದನ್ನು ಇನ್ನೊಬ್ಬರಿಗೆ ಕೊಡಬಾರದು.

*ಇಂದಿನ ಅಭ್ಯಾಸ*

1️⃣ ಬೆಳಿಗ್ಗೆ 10 ನಿಮಿಷ ಮೊಬೈಲ್ ದೂರವಿಟ್ಟು ಆನಾಪಾನ ಮಾಡಿ.

2️⃣ ಬೀದಿ ಗುಡಿಸುವ ಪೌರಕಾರ್ಮಿಕರು, ಊಟ ತಂದುಕೊಡುವ ಡೆಲಿವರಿ ಹುಡುಗರು ಎದುರಾದಾಗ ಮುಖ ನೋಡಿ ಮಾತಾಡಿಸಿ.

3️⃣ ಹೊಸಬರ ಪರಿಚಯವಾದಾಗ "ಇವರು ಯಾರ ಪೈಕಿ?" ಎಂಬ ಪ್ರಶ್ನೆ ಮನಸ್ಸಿನಲ್ಲಿ ಎದ್ದರೆ, ಎದ್ದಿತು ಎಂದು ಗಮನಿಸಿ. ಅಲ್ಲಿಗೇ ಬಿಡಿ.

*ಮನೆಯಲ್ಲಿ ಚರ್ಚಿಸಲು:* ನಾವು ಯಾರನ್ನು ಇನ್ನೂ ಪದರದ ಮೂಲಕವೇ ನೋಡುತ್ತಿದ್ದೇವೆ?

*ಭವತು ಸಬ್ಬ ಮಂಗಲಂ* 🪷
*ಸಾಧು ಸಾಧು ಸಾಧು*