ಟನ್ ಬಿಡಿ, ಇಂಚು ಕೇಳಿ

ಜಾಕ್ ಕೊಳ್ಳಲು ಹೋದರೆ ಅಂಗಡಿಯವರು ಮೊದಲು ಕೇಳುವುದೇ ‘ಎಷ್ಟು ಟನ್ನಿಂದು ಕೊಡ್ಲಿ ಸಾರ್?’ ನನ್ನ ಎಫ್‌ಸಿ 150 ಪಿಕಪ್‌ಗೆ ಆ ಪ್ರಶ್ನೆಯೇ ದಂಡ. ಮೂತಿ ಇಲ್ಲದ, ಎಂಜಿನ್ ಸೀಟುಗಳ ಮಧ್ಯೆ ಕೂತಿರುವ, ವಿಲ್ಲೀಸ್ ನಮೂನೆಯಲ್ಲಿ ಮಹೀಂದ್ರದವರು 1960ರ ದಶಕದಲ್ಲಿ ಕಟ್ಟುತ್ತಿದ್ದ ಗಾಡಿ ಇದು. ಹೇರು ಸಮೇತ ತೂಗಿದರೂ ಒಂದು ಚಕ್ರದ ಮೇಲೆ ಟನ್ ಭಾರ ಬೀಳುವುದಿಲ್ಲ. ಎರಡು ಟನ್ನಿನ ಜಾಕ್ ಧಾರಾಳವಾಯಿತು. ಕೇಳಬೇಕಾದದ್ದು, ಪೂರ್ತಿ ಇಳಿಸಿದಾಗ ಜಾಕ್ ಎಷ್ಟು ಇಂಚು ಎತ್ತರ ಇರುತ್ತದೆ ಎಂದು. ಇದು ನನಗೆ ತಿಳಿದದ್ದು ಚಾರ್ಮಾಡಿ ಘಾಟಿಯಲ್ಲಿ. ಅದೂ ನನ್ನ ತಪ್ಪೇನೂ ಇಲ್ಲದೆ.

ಅಪ್ಪನ ಕಾಲದ ಸ್ಕ್ರೂ ಜಾಕ್ ಒಂದಿತ್ತು. ಕುಳ್ಳಗೆ, ಕಪ್ಪಗೆ, ಗ್ರೀಸ್ ಮೆತ್ತಿಕೊಂಡು ಸೀಟಿನಡಿ ಬಿದ್ದಿರುತ್ತಿತ್ತು. ನಮ್ಮ ಭಾವನಿಗೆ ಅದನ್ನು ಕಂಡರೆ ನಾಚಿಕೆ. ಅದನ್ನು ಗುಜರಿಗೆ ಕಳಿಸಿ ಕೆಂಪು ಬಣ್ಣದ ಐದು ಟನ್ನಿನ ಬಾಟಲ್ ಜಾಕ್ ತಂದಿಟ್ಟರು. ಅದಕ್ಕೂ ಮುಂಚೆ, ಮೈಲೇಜ್ ಬರುತ್ತದೆಂದು ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿಸಿದ ಪುಣ್ಯಾತ್ಮರೂ ಅವರೇ. ಫೋರ್‌ವೀಲ್ ಲಿವರ್ ಮಾತ್ರ ಅಲಂಕಾರಕ್ಕೆ ಉಳಿದಿತ್ತು.

ಲಕ್ಷದೀಪೋತ್ಸವದ ಸಮಯ. ಧರ್ಮಸ್ಥಳಕ್ಕೆ ಊರಿನ ಹೊರೆಕಾಣಿಕೆ ಒಯ್ಯುತ್ತಿದ್ದೆವು. ತಳದಲ್ಲಿ ಅಕ್ಕಿ ಮೂಟೆ, ಮೇಲೆ ತೆಂಗಿನಕಾಯಿ, ಅದರ ಮೇಲೆ ಸಿಹಿಗುಂಬಳ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಇಳಿಯತೊಡಗಿದೆವು. ಅಣ್ಣಪ್ಪಸ್ವಾಮಿ ಗುಡಿ ದಾಟಿ ಸ್ವಲ್ಪ ದೂರಕ್ಕೆ ಹಿಂದಿನ ಎಡ ಚಕ್ರ ಕೂತೇಬಿಟ್ಟಿತು. ಮಂಜು, ಜಿಟಿಜಿಟಿ ಮಳೆ, ಮುಂದೆ ತಿರುವು.

ಗಾಳಿ ತುಂಬಿದ್ದಾಗ ಆ ಬಾಟಲ್ ಜಾಕ್ ಆಕ್ಸಲ್ ಕೆಳಗೆ ಸಲೀಸಾಗಿ ಹೋಗುತ್ತದೆ. ಅಂಗಳದಲ್ಲಿ ಭಾವ ಹಾಗೇ ಇಟ್ಟು ತೋರಿಸಿದ್ದರು. ಆದರೆ ಟೈರ್ ಚಪ್ಪಟೆಯಾದಾಗ ಆಕ್ಸಲ್ಲೂ ನಾಲ್ಕೈದು ಇಂಚು ಕೆಳಗೆ ಬರುತ್ತದಲ್ಲ! ಎಂಟು ಇಂಚಿನ ಜಾಕ್ ಒಳಗೆ ತೂರಲೇ ಇಲ್ಲ. ಛಾಸಿಗೆ ಕೊಟ್ಟೆ. ಕಮಾನುಪಟ್ಟಿಯ ಗಾಡಿ ನೋಡಿ, ಛಾಸಿ ಏರುತ್ತದೆ, ಪಟ್ಟಿ ಹಿಗ್ಗುತ್ತದೆ, ಚಕ್ರ ನೆಲ ಬಿಡುವುದಿಲ್ಲ. ಜಾಕಿನ ಪಿಸ್ಟನ್ ಪೂರ್ತಿ ಹೊರಗೆ ಬಂದರೂ ಟೈರ್ ಅಲ್ಲೇ ಇತ್ತು.

ಕೊನೆಗೆ ಚಪ್ಪಟೆ ಚಕ್ರವನ್ನೇ ಒಂದು ಚಪ್ಪಡಿ ಕಲ್ಲಿನ ಮೇಲೆ ಹತ್ತಿಸಿದೆ. ಆಗ ಜಾಕ್ ಆಕ್ಸಲ್ ಕೆಳಗೆ ಹೋಯಿತು. ಹ್ಯಾಂಡ್‌ಬ್ರೇಕ್ ಎಳೆದಿತ್ತು, ಗಾಡಿ ಗೇರಿನಲ್ಲಿತ್ತು, ಬಲ ಚಕ್ರಕ್ಕೆ ಸಿಕ್ಕಿದ ಕಲ್ಲು ಕೊಟ್ಟಿದ್ದೆ. ಪಂಪ್ ಮಾಡಿದೆ. ಚಕ್ರ ಕಲ್ಲಿನಿಂದ ಒಂದು ಬೆರಳು ಮೇಲೆದ್ದಿತು. ಪಾನಾ ತೆಗೆದುಕೊಳ್ಳಲು ತಿರುಗಿ ಮತ್ತೆ ನೋಡುತ್ತೇನೆ, ಗಾಳಿಯಲ್ಲಿದ್ದ ಚಕ್ರ ತನ್ನಷ್ಟಕ್ಕೆ ತಾನೇ ಹಿಂದಕ್ಕೆ ತಿರುಗುತ್ತಿದೆ! ನಿಧಾನವಾಗಿ, ವಾಲ್ವಿನ ಮೊಳೆ ಮೇಲಿಂದ ಕೆಳಕ್ಕೆ ಇಳಿಯುವುದು ಕಾಣುವಷ್ಟು ನಿಧಾನವಾಗಿ. ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಈ ಗಾಡಿಗಳ ಹ್ಯಾಂಡ್‌ಬ್ರೇಕ್ ಚಕ್ರವನ್ನು ಹಿಡಿಯುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಶಾಫ್ಟನ್ನು ಹಿಡಿಯುತ್ತದೆ. ಒಂದು ಹಿಂಚಕ್ರ ಎತ್ತಿದಿರೋ, ಡಿಫರೆನ್ಷಿಯಲ್ ಅದನ್ನು ಹಿಂದಕ್ಕೆ ತಿರುಗಿಸಿ ಇನ್ನೊಂದನ್ನು ಮುಂದಕ್ಕೆ ಬಿಟ್ಟುಕೊಡುತ್ತದೆ. ಬ್ರೇಕೂ ಅಷ್ಟೆ, ಗೇರೂ ಅಷ್ಟೆ. ಮುಂದಿನ ಶಾಫ್ಟ್ ಇದ್ದಿದ್ದರೆ ಫೋರ್‌ವೀಲ್ ಹಾಕಿ ನಾಲ್ಕೂ ಚಕ್ರ ಕಟ್ಟಿಹಾಕಬಹುದಿತ್ತು. ಅದು ನಮ್ಮ ಮನೆಯ ಅಟ್ಟದ ಮೇಲಿತ್ತು.

ಕಲ್ಲು ನೆನೆದ ಟಾರಿನ ಮೇಲೆ ಜಾರಿತು, ಜಾಕ್ ಮುಂದಕ್ಕೆ ವಾಲಿತು. ಒಳಗೆ ಕೂತಿದ್ದ ಪಕ್ಕದ ಮನೆಯವರು ‘ಮಂಜುನಾಥಾ’ ಎಂದದ್ದು ಕೇಳಿಸಿತು. ಧಡ್ ಎಂದು ಆಕ್ಸಲ್ ಕೆಳಗೆ ಬಿತ್ತು. ಕುಂಬಳಕಾಯಿಗಳು ಹಿಂದಿನ ಬಾಗಿಲು ಹಾರಿ ಘಾಟಿಯ ಕೆಳಗೆ ಹೊರಟವು. ಗಾಡಿ ಅವುಗಳ ಹಿಂದೆ ಹೋಗದಂತೆ ಉಳಿಸಿದ್ದು ಆ ಪಂಕ್ಚರ್ ಟೈರೇ. ಅದು ನೆಲ ಮುಟ್ಟಿದ ಕೂಡಲೇ ಬ್ರೇಕ್ ಮತ್ತೆ ಹಿಡಿಯಿತು. ಜಾಕಿನ ಪಿಸ್ಟನ್ ಬಾಗಿತ್ತು.

ಅಷ್ಟರಲ್ಲಿ ಬಂದ ಪೊಲೀಸ್ ಜೀಪಿನ ಸಾಹೇಬರು ಕೆಳಗಿಳಿಯದೆಯೇ, ‘ಘಾಟಿಯಲ್ಲಿ ನಿಲ್ಲಿಸಬಾರದು ಅಂತ ಬೋರ್ಡ್ ಕಾಣ್ಸಲ್ವಾ?’ ಎಂದರು. ಮೋಜಿಗೆ ನಿಲ್ಲಿಸಿದ್ದೇವೆ ಅಂದುಕೊಂಡರೋ ಏನೋ. ನೆರವಿಗೆ ಬಂದದ್ದು ಒಂದು ಲಾರಿ. ಅವರ ಮರದ ಅಡ್ಡೆ, ಅವರ ಸ್ಕ್ರೂ ಜಾಕ್. ಅದರ ಕ್ಲೀನರ್ ಹುಡುಗ ಮಾತ್ರ, ನಾನು ಸಾಹೇಬರಿಗೆ ಉತ್ತರ ಕೊಡುವಷ್ಟರಲ್ಲಿ, ಪಾನಾದ ಮೇಲೆ ಹತ್ತಿ ನಿಂತು ಒಂದು ಬೋಲ್ಟ್ ಮುರಿದ. ನನ್ನ ಗಾಡಿಯ ಎಡ ಚಕ್ರಗಳಿಗೆ ಎಡ ಸುತ್ತಿನ ತ್ರೆಡ್. ಎಲ್ಲರೂ ಬಿಚ್ಚುವ ಕಡೆಗೆ ತಿರುಗಿಸಿದರೆ ಇನ್ನಷ್ಟು ಬಿಗಿಯಾಗುತ್ತದೆ. ಬೋಲ್ಟಿನ ತುದಿಯಲ್ಲಿ ‘ಎಲ್’ ಅಕ್ಷರ ಕೊರೆದಿರುತ್ತದೆ, ಕೆಸರು ಒರೆಸಿ ನೋಡುವವರಿಗೆ.

ಹಳೇ ಗಾಡಿ ಇಟ್ಟುಕೊಂಡವರು ಮನೆಯಲ್ಲೇ ಒಂದು ಚಕ್ರದ ಗಾಳಿ ಪೂರ್ತಿ ಬಿಟ್ಟು, ಆಕ್ಸಲ್ ಕೆಳಗೆ ಟೇಪ್ ಹಿಡಿಯಿರಿ. ಜಾಕ್ ಅದಕ್ಕಿಂತ ಒಂದಿಂಚಾದರೂ ಗಿಡ್ಡವಿರಲಿ. ಗಾಳಿ ತುಂಬಿದ ಸ್ಟೆಪ್ನಿ ಒಳಗೆ ಹೋಗಲು ಚಪ್ಪಟೆ ಟೈರ್ ಬಿಚ್ಚುವುದಕ್ಕಿಂತ ಹೆಚ್ಚು ಎತ್ತರ ಬೇಕು, ಹಾಗಾಗಿ ಎರಡು ಹಂತದಲ್ಲಿ ಏಳುವ ಜಾಕ್ ಒಳ್ಳೆಯದು. ಹೈಡ್ರಾಲಿಕ್ ಕೊಂಡರೆ ಎಣ್ಣೆ ಕಡಿಮೆಯಾಯಿತೆಂದು ಬ್ರೇಕ್ ಆಯಿಲ್ ಹುಯ್ಯಬೇಡಿ, ಒಳಗಿನ ಸೀಲ್ ಉಬ್ಬಿ ಹಾಳಾಗುತ್ತದೆ. ಜಾಕಿನಡಿಗೆ ಒಂದು ದಪ್ಪ ಹಲಗೆ, ಚಕ್ರಕ್ಕೆ ಮರದ ಅಡ್ಡೆ. ರಸ್ತೆಬದಿಯ ಕಲ್ಲು ನಂಬಬೇಡಿ.

ನಾನು ಮತ್ತೆ ಸ್ಕ್ರೂ ಜಾಕನ್ನೇ ಕೊಂಡೆ. ಮುಂದಿನ ಶಾಫ್ಟನ್ನೂ ಅಟ್ಟದಿಂದ ಇಳಿಸಿ ಹಾಕಿಸಿದೆ. ಇದರಿಂದ ಪೆಟ್ರೋಲ್ ಎಷ್ಟು ದಂಡವಾಗುತ್ತಿದೆ ಎಂದು ಭಾವ ಹಬ್ಬಕ್ಕೆ ಬಂದಾಗಲೆಲ್ಲ ಲೆಕ್ಕ ಹೇಳುತ್ತಾರೆ. ಬಾಟಲ್ ಜಾಕಿನ ದುಡ್ಡು ಕೇಳುವುದನ್ನೂ ಬಿಟ್ಟಿಲ್ಲ.