ಹೋಗುವಾಗ ಎಂಟು, ಬರುವಾಗ ಹತ್ತು

ಮಗಳು ಟೋಕಿಯೊದಲ್ಲಿ ಮನೆ ಮಾಡಿದ ಮೇಲೆ ನಾನೂ ನನ್ನ ಹೆಂಡತಿಯೂ ಆಗಾಗ ಅಲ್ಲಿಗೆ ಹೋಗಿ ಬರುತ್ತೇವೆ. ಬೆಂಗಳೂರಿನಿಂದ ನರಿಟಾ ವಿಮಾನ ನಿಲ್ದಾಣಕ್ಕೆ ಸುಮಾರು 6,700 ಕಿಲೋಮೀಟರ್. ನೇರ ವಿಮಾನವೇ ಇದೆ. ಆದರೆ "ಎಷ್ಟು ಹೊತ್ತಾಗುತ್ತೆ?" ಎಂದು ನೆಂಟರು ಕೇಳಿದರೆ "ಹೋಗೋದಕ್ಕೋ, ಬರೋದಕ್ಕೋ?" ಎಂದು ತಿರುಗಿ ಕೇಳಬೇಕಾಗುತ್ತದೆ. ಹೋಗುವಾಗ ಎಂಟು ಗಂಟೆ, ಬರುವಾಗ ಹತ್ತರ ಆಸುಪಾಸು.

ಗಡಿಯಾರ ಹೇಳುವುದು ಇದಕ್ಕೆ ತದ್ವಿರುದ್ಧ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಬೆಂಗಳೂರಿನಲ್ಲಿ ಸಂಜೆ ಏಳಕ್ಕೆ ಹತ್ತಿದರೆ ಅಲ್ಲಿ ಇಳಿಯುವಾಗ ಬೆಳಿಗ್ಗೆ ಆರೂವರೆ. ಹನ್ನೊಂದೂವರೆ ಗಂಟೆ ಕೂತಂತೆ ಕಾಣುತ್ತದೆ. ಅಲ್ಲಿ ಸಂಜೆ ಆರಕ್ಕೆ ಹೊರಟರೆ ಇಲ್ಲಿ ರಾತ್ರಿ ಹನ್ನೆರಡೂವರೆ. ಆರೂವರೆ ಗಂಟೆಯಲ್ಲೇ ಬಂದಂತೆ! "ಬರ್ತಾ ಬೇಗ ಬಂದ್ಬಿಟ್ರಲ್ಲ" ಎನ್ನುತ್ತಾರೆ ಪಕ್ಕದ ಮನೆಯವರು. ನಮ್ಮ ಮಂಡಿಯನ್ನು ಕೇಳಿದರೆ ನಿಜ ಗೊತ್ತಾಗುತ್ತದೆ.

ಹೋಗುವ, ಬರುವ ಹೊತ್ತಿನ ಈ ವ್ಯತ್ಯಾಸವೆಲ್ಲ ಗಾಳಿಯ ಕೆಲಸ. ಭೂಮಿಯಿಂದ ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಜೆಟ್ ಸ್ಟ್ರೀಮ್ ಚಳಿಗಾಲದಲ್ಲಿ ಜಪಾನಿನ ಮೇಲೆ ಜಗತ್ತಿನಲ್ಲೇ ಅತಿ ಬಿರುಸು. ಗಂಟೆಗೆ 300 ಕಿಲೋಮೀಟರ್ ದಾಟುವುದೂ ಉಂಟು. ತುಂಬಿದ ಹೊಳೆಯಲ್ಲಿ ಹರಿಗೋಲು ಹಾಕಿದಂತೆ: ಇಳಿಮುಖಕ್ಕೆ ಬಿಟ್ಟರೆ ಸಾಕು, ಏರುಮುಖಕ್ಕೆ ರಟ್ಟೆ ಬೀಳಬೇಕು. ಇದನ್ನು ಮೊದಲು ಅಳೆದವರಲ್ಲಿ ಟೋಕಿಯೊ ಬಳಿಯ ತಾಟೆನೊದಲ್ಲಿ ಬಲೂನು ಹಾರಿಸುತ್ತಿದ್ದ ವಾಸಾಬುರೊ ಓಯಿಶಿ ಒಬ್ಬರು. ಜಗತ್ತಿಗೆಲ್ಲ ತಿಳಿಯಲಿ ಎಂದು 1926ರಲ್ಲಿ ಅವರು ವರದಿ ಬರೆದದ್ದು ಎಸ್ಪೆರಾಂಟೊ ಭಾಷೆಯಲ್ಲಿ. ಓದಿದವರೇ ಕಡಿಮೆ, ಪಾಪ. 1944ರಲ್ಲಿ ಟೋಕಿಯೊ ಮೇಲೆ ಬಾಂಬು ಹಾಕಲು ಬಂದ ಅಮೆರಿಕದ ಬಿ-29 ವಿಮಾನಗಳು ಅದೇ ಗಾಳಿಗೆ ಸಿಕ್ಕಿ ಗುರಿ ತಪ್ಪಿದವು.

ಬೇಸಿಗೆಯಲ್ಲಿ ಈ ಗಾಳಿ ಉತ್ತರಕ್ಕೆ ಸರಿದು ಮೆತ್ತಗಾಗುತ್ತದೆ. ಹಾಗಾಗಿ ದೂರವನ್ನು ವೇಗದಿಂದ ಭಾಗಿಸಿ ಬರುವ ಏಳೂವರೆ ಗಂಟೆಯನ್ನು ನಾನು ನೆಚ್ಚುವುದಿಲ್ಲ. ವಿಮಾನ ರನ್‌ವೇಗೆ ಉರುಳುತ್ತಾ ಹೋಗುವುದು, ಇಳಿಯಲು ಸರದಿ ಕಾಯುವುದು, ದಾರಿ ಬಳಸುವುದು ಯಾವುದೂ ಅದರಲ್ಲಿಲ್ಲ. ಟಿಕೆಟ್ಟಿನ ಮೇಲಿನ ವೇಳೆಗೆ ಇವೆಲ್ಲ ಸೇರಿರುತ್ತವೆ. ನಾನು ನೋಡುವುದು ಅದನ್ನೇ, ಅದೂ ಹೋಗುವ ತಿಂಗಳದ್ದನ್ನು.

ಹೋಗುವ ರಾತ್ರಿ ನಿದ್ದೆಗೆ ಸಿಗುವುದು ನಾಲ್ಕೈದು ಗಂಟೆ. ನಮ್ಮ ಲೆಕ್ಕದ ನಡುರಾತ್ರಿ ಎರಡಕ್ಕೆ ತಿಂಡಿ ತಂದಿಡುತ್ತಾರೆ. ಆದ್ದರಿಂದ ಹತ್ತುವ ಮೊದಲೇ ಊಟ ಮುಗಿಸಿ, ಸೀಟಿಗೆ ಕೂತ ಕೂಡಲೇ ಕಣ್ಣು ಮುಚ್ಚುತ್ತೇವೆ. ನರಿಟಾದಿಂದ ಟೋಕಿಯೊ ಸ್ಟೇಷನ್ನಿಗೆ ರೈಲಿನಲ್ಲಿ ಇನ್ನೂ ಒಂದು ಗಂಟೆ. ಬರುವಾಗ ಇಮಿಗ್ರೇಷನ್, ಲಗೇಜು ಮುಗಿಯುವಾಗ ರಾತ್ರಿ ಎರಡಾಗುತ್ತದೆ. ನಮ್ಮೂರು ಮೈಸೂರಿಗೆ ಆಗಲೇ ಹೊರಡುವ ಹಟ ಬಿಟ್ಟು ಬೆಂಗಳೂರಿನ ತಮ್ಮನ ಮನೆಯಲ್ಲಿ ಮಲಗಿ, ಮರುದಿನ ಮಧ್ಯಾಹ್ನದ ಬಸ್ಸು ಹಿಡಿಯುತ್ತೇವೆ.